ಒಲೆಯೊಳಗೆ ಕಾವು ಕೂತ ಕೋಳಿ

(ಬೇಸಿಗೆ ಶಿಬಿರಕ್ಕೆ ಹಳ್ಳಿಗಳಿಗೆ ಹೊರಟಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳ್ತಿದೆ ಅಲ್ವಾ? ಸರಿ.

ನಾಡಿದ್ದು ನೀವು ಹಳ್ಳಿಗಳಿಗೆ ಹೊರಟಿದ್ದೀರಿ. ನಿಮಗೆ ಕೊಟ್ಟಿರುವ ಪ್ರಶ್ನೆಗಳ ಹಾಳೆಯನ್ನು ನಾನೂ ನೋಡಿದೆ. ಹೊಗೆರಹಿತ ಒಲೆ ಇದೆಯೇ? ಗೋಬರ್ ಗ್ಯಾಸ್ ಇದೆಯೇ? ಸೋಲಾರ್ ದೀಪ ಇದೆಯೇ? ಬಳಕೆಯಲ್ಲಿದೆಯೇ? ಪಕ್ಕದಲ್ಲಿ ಹೌದು, ಇಲ್ಲ ಅಂತ ಎರಡು ಚೌಕ. ಇಂಥದ್ದೇ ಒಂದು ಹಾಳೆ ಹಿಡಿದುಕೊಂಡು ನಾನು ಮೊದಲ ಸಲ ಕುಣಿಗಲ್ ಕಡೆಯ ಒಂದು ಊರಿಗೆ ಹೋದಾಗ ನನಗೂ ನಿಮ್ಮದೇ ವಯಸ್ಸು. ಆ ದಿನದ ಕತೆಯಿಂದಲೇ ಶುರು ಮಾಡುತ್ತೇನೆ.

ಬೆಳಿಗ್ಗೆ ಹನ್ನೊಂದು ಗಂಟೆ. ಐದನೆಯದೋ ಆರನೆಯದೋ ಮನೆ. ಬಾಗಿಲಲ್ಲಿ ಒಬ್ಬರು ಹೆಂಗಸು ರಾಗಿ ಕೇರುತ್ತಾ ಕೂತಿದ್ದರು. ಒಲೆ ನೋಡಬೇಕಿತ್ತು ಅಂದೆ. ಮೊರ ಕೆಳಗಿಟ್ಟು ಎದ್ದರು. "ಬನ್ನಿ ಸ್ವಾಮಿ, ಮೆತ್ತಗ್ ಬನ್ನಿ. ಕೋಳಿ ಕಾವಿಗ್ ಕೂತೈತೆ" ಅಂದರು. ನನಗೆ ಅರ್ಥ ಆಗಲಿಲ್ಲ. ಒಳಗೆ ಹೋದರೆ ಒಲೆ ಚೆಂದವಾಗಿತ್ತು. ಮೂರು ಪಾತ್ರೆ ಇಡುವ ಒಲೆ, ಗೋಡೆ ಪಕ್ಕ ಮೇಲಕ್ಕೆ ಹೋದ ಕೊಳವೆ, ಕೆಮ್ಮಣ್ಣು ಸಾರಿಸಿ ಎಳೆ ರಂಗೋಲಿ. ಬಗ್ಗಿ ಬಾಯೊಳಗೆ ನೋಡಿದೆ. ಹುಲ್ಲು ಹಾಸಿಕೊಂಡು ಒಂದು ಚುಕ್ಕೆ ಕೋಳಿ ಕೂತು ನನ್ನನ್ನೇ ನೋಡುತ್ತಿತ್ತು. ಅಡುಗೆ ಆಗುತ್ತಿದ್ದದ್ದು ಹಿತ್ತಲಲ್ಲಿ, ಗರಿ ಹೊದಿಸಿದ ಇಳಿಜಾರಿನ ಕೆಳಗೆ, ಮೂರು ಕಲ್ಲಿನ ಮೇಲೆ.

ನಾನು ನಕ್ಕೆ. ಆಕೆ ನಗಲಿಲ್ಲ. "ರಾತ್ರಿ ಬಾಯಿಗೊಂದು ಹಲಗೆ ಇಟ್ಬಿಟ್ರೆ ಬೆಕ್ಕು ಬರಕಾಗಲ್ಲ. ಇಷ್ಟು ಬಿಗಿ ಜಾಗ ಮನೇಲಿ ಇನ್ನೆಲ್ಲೈತೆ?" ಅಂದರು.

ಹಾಳೆಯಲ್ಲಿ 'ಇಲ್ಲ' ಅಂತ ಗುರುತು ಹಾಕಿ ಮುಂದಿನ ಮನೆಗೆ ಹೋಗಬಹುದಿತ್ತು. ಬೆಳಿಗ್ಗೆಯಿಂದ ಅದನ್ನೇ ಮಾಡಿಕೊಂಡು ಬಂದಿದ್ದೆ. ಅಷ್ಟರಲ್ಲಿ ಆಕೆ ಮಜ್ಜಿಗೆ ತಂದುಕೊಟ್ಟರು. ಕುಡಿಯುತ್ತಾ ಕೂತೆ. ಕೂತಿದ್ದಕ್ಕೆ ಆ ಒಲೆ ಯಾಕೆ ಗೂಡಾಯಿತು ಅಂತ ತಿಳಿಯಿತು.

ಅದನ್ನು ಹೇಳುವ ಮೊದಲು ಒಲೆಯ ಬಗ್ಗೆ ಎರಡು ಮಾತು. ಒಲೆಯೇ ಕೆಟ್ಟದ್ದು ಅಂತ ನೀವು ತಿಳಿದುಕೊಳ್ಳಬಾರದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ ಅಲ್ಲಿ, 'ಅಸ್ತ್ರ' ಅಂತ ಒಂದು ವಿಭಾಗ ಶುರುವಾಯಿತು. ಅದರ ಹಿಂದಿದ್ದವರು ಅಮೂಲ್ಯ ರೆಡ್ಡಿ. ಮೂಲತಃ ಎಲೆಕ್ಟ್ರೋಕೆಮಿಸ್ಟ್ರಿಯ ಮೇಷ್ಟ್ರು. ಲ್ಯಾಬಿನ ವಿಜ್ಞಾನ ಹಳ್ಳಿಯ ಮನೆಗೂ ಬರಲಿ ಅನ್ನುವುದು ಅವರ ಹಟ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ಮಾಡಿ, ಸುತ್ತಲಿನ ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಅಂತ ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಪಂಪ್‌ಸೆಟ್ಟು, ಬೀದಿದೀಪ ಎಲ್ಲ ಒಂದು ಕಡೆಯಾದರೆ ಅಡುಗೆಯ ಸೌದೆಯೇ ಒಂದು ಕಡೆ. ಅದರದ್ದೇ ಸಿಂಹಪಾಲು. ಆ ಸೌದೆಯಲ್ಲಿ ದುಡ್ಡು ಕೊಟ್ಟು ಕೊಂಡದ್ದು ತೀರಾ ಕಡಿಮೆ. ಬಹುಪಾಲು ಮನೆಯವರೇ ಆರಿಸಿ ಹೊತ್ತು ತಂದದ್ದು. ಹಾಗಾಗಿ ಅದು ಯಾವ ಸರ್ಕಾರಿ ಲೆಕ್ಕದಲ್ಲೂ ಕಾಣುತ್ತಿರಲಿಲ್ಲ.

ಅಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. ಸಾದಾ ಒಲೆಯಲ್ಲಿ ಸೌದೆಯ ಶಾಖದ ಹತ್ತನೇ ಒಂದು ಪಾಲು ಪಾತ್ರೆಗೆ ಹೋದರೆ ಹೆಚ್ಚು. ಉಳಿದದ್ದು ಗೋಡೆಗೆ, ಗಾಳಿಗೆ, ಅಡುಗೆ ಮಾಡುವವರ ಮುಖಕ್ಕೆ. ಅಸ್ತ್ರ ಒಲೆಯಲ್ಲಿ ಸೌದೆ ಒಂದು ಜಾಲರಿಯ ಮೇಲೆ ಉರಿಯುತ್ತದೆ. ಕೆಳಗಿನಿಂದ ಗಾಳಿ ಬರುತ್ತದೆ, ಬೂದಿ ಕೆಳಗೆ ಉದುರುತ್ತದೆ. ಬಿಸಿ ಹೊಗೆ ಮೊದಲ ಪಾತ್ರೆಗೆ ತಾಗಿ, ಎರಡನೆಯದಕ್ಕೆ, ಆಮೇಲೆ ಮೂರನೆಯದಕ್ಕೆ ಹೋಗಿ, ಕೊನೆಗೆ ಕೊಳವೆಯಲ್ಲಿ ಮನೆಯಿಂದ ಹೊರಗೆ. ಪಾತ್ರೆಗಳು ತೂತಿನಲ್ಲಿ ಸರಿಯಾಗಿ ಕೂತರೆ ಅಡುಗೆಮನೆಗೆ ಹೊಗೆ ಬರುವುದೇ ಇಲ್ಲ. ಸರಿಯಾಗಿ ಕಟ್ಟಿ, ಸರಿಯಾಗಿ ಉರಿಸಿದರೆ ಅರ್ಧದಷ್ಟು ಸೌದೆ ಉಳಿಯುತ್ತದೆ. ಒಳ್ಳೆಯ ತಲೆ ಓಡಿದ ಕೆಲಸ ಅದು. ಅದರಲ್ಲಿ ಎರಡು ಮಾತಿಲ್ಲ.

ಈಗ ಕೋಳಿಯ ಮನೆಗೆ ವಾಪಸ್ ಬರೋಣ. ಆಕೆ ಮೊದಲು ಹೇಳಿದ್ದು ಬಾಯಿ ಚಿಕ್ಕದು ಅಂತ. ಬಾಯಿ ಚಿಕ್ಕದಿದ್ದರೇ ಗಾಳಿ ಹಿಡಿತದಲ್ಲಿರುತ್ತದೆ, ಅದು ನಮ್ಮ ಲೆಕ್ಕ. ಆಕೆಯ ಲೆಕ್ಕವೇ ಬೇರೆ. ಮನೆಗೆ ಬರುತ್ತಿದ್ದದ್ದು ಜಾಲಿ ಬೊಡ್ಡೆ, ತೆಂಗಿನ ಮಟ್ಟೆ. ಅದನ್ನೆಲ್ಲ ಮಚ್ಚಿನಲ್ಲಿ ಸಣ್ಣಗೆ ಸೀಳಬೇಕು. ಸೀಳುವವರು ಯಾರು? ಆಕೆಯೇ. ಮೂರು ಕಲ್ಲಿನ ಒಲೆಯಾದರೆ ಉದ್ದದ ಬೊಡ್ಡೆಯನ್ನೇ ಒಳಗೆ ತಳ್ಳಿ, ಉರಿದ ಹಾಗೆ ಮುಂದಕ್ಕೆ ನೂಕುತ್ತಾ ಹೋಗಬಹುದು. ಸೌದೆ ಉಳಿಸಲು ಆಕೆ ತನ್ನ ತೋಳು ಸವೆಸಬೇಕಿತ್ತು.

ಎರಡನೆಯದು ಮುದ್ದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಮುದ್ದೆ ತಿಂದವರು ಬಹಳ ಜನ, ತೊಳಸಿದವರು ಕಡಿಮೆ ಇರಬೇಕು. ಎಸರು ಕುದಿಯುವಾಗ ರಾಗಿ ಹಿಟ್ಟು ಸುರಿದು, ನಡುವೆ ಕೋಲು ನೆಟ್ಟು, ಬೇಯಲು ಬಿಡುತ್ತಾರೆ. ಬೆಂದ ಮೇಲೆ ತೊಳಸಬೇಕು. ಆರೇಳು ಜನರ ಮುದ್ದೆ ಅಂದರೆ ಅದೊಂದು ಕುಸ್ತಿ. ಪಾತ್ರೆ ಅಲ್ಲಾಡದ ಹಾಗೆ ಕವೆಗೋಲು ಕೊಟ್ಟು, ಅದನ್ನು ಕಾಲಲ್ಲಿ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತಿರುವುತ್ತಾರೆ. ಇಡೀ ಮೈಭಾರ ಅದರ ಮೇಲೆ. ಇದನ್ನು ಅಸ್ತ್ರ ಒಲೆಯ ಮೇಲೆ ಮಾಡಿದರೆ ಪಾತ್ರೆ ಕೂತ ತೂತಿನ ಅಂಚು ಬಿರುಕು ಬಿಡುತ್ತದೆ. ಬಿರುಕಿನಲ್ಲಿ ಹೊಗೆ ನುಗ್ಗುತ್ತದೆ. ಮಣ್ಣು ಮೆತ್ತಿದರು, ಮತ್ತೆ ಒಡೆಯಿತು. ಮತ್ತೆ ಮೆತ್ತಿದರು. ಪಾತ್ರೆಯನ್ನು ನೆಲಕ್ಕಿಳಿಸಿ ತೊಳಸಬಹುದಲ್ಲ ಅಂತ ನಾನು ಬುದ್ಧಿ ಹೇಳಿದೆ. "ಇಳ್ಸಿದ್ರೆ ಆರೋಗಲ್ವಾ? ಗಂಟು ಉಳ್ಕೊಂಡ್ರೆ ಮಾತು ಕೇಳೋರ್ಯಾರು, ನೀವಾ?" ಅಂದರು. ನಾನು ಮಜ್ಜಿಗೆ ಲೋಟ ನೋಡುತ್ತಾ ಸುಮ್ನಾದೆ.

ಮೂರನೆಯದು ಕೊಳವೆ. ವರ್ಷದೊಳಗೆ ಮಸಿ ಕಟ್ಟಿಕೊಂಡಿತು, ಹೊಗೆ ತಿರುಗಿ ಒಳಗೇ ಬಂತು. ಒಲೆ ಕಟ್ಟಿಕೊಟ್ಟವರು ಫೋಟೊ ತೆಗೆಸಿಕೊಂಡು ಹೋದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ. ಕೊಳವೆ ಹೇಗೆ ಬಿಚ್ಚುವುದು, ಯಾವುದರಿಂದ ಉಜ್ಜುವುದು, ಯಾರೂ ತೋರಿಸಿರಲಿಲ್ಲ.

ಇದು ಒಂದು ಮನೆಯ ಕತೆ ಮಾತ್ರ ಆಗಿದ್ದರೆ ನಾನು ಇಲ್ಲಿ ನಿಂತು ಹೇಳುತ್ತಿರಲಿಲ್ಲ. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ ಎಂಬತ್ತರ ದಶಕದ ಮೊದಲಲ್ಲಿ ಶುರುವಾಗಿ 2002ರವರೆಗೆ ನಡೆಯಿತು. ದೇಶದಲ್ಲಿ 3 ಕೋಟಿಗೂ ಹೆಚ್ಚು ಒಲೆ ಹಂಚಿದರು. ಜಿಲ್ಲೆಗಿಷ್ಟು, ತಾಲ್ಲೂಕಿಗಿಷ್ಟು ಅಂತ ಗುರಿ. ಕಟ್ಟಿದ ಒಲೆಗೆ ಲೆಕ್ಕ ಇತ್ತು. ಉರಿದ ಒಲೆಯ ಲೆಕ್ಕ ಇಟ್ಟವರು ಕಡಿಮೆ.

ಉತ್ತರ ಕರ್ನಾಟಕಕ್ಕೆ ಹೋದರೆ ಮುದ್ದೆಯ ಜಾಗದಲ್ಲಿ ಜೋಳದ ರೊಟ್ಟಿ. ಹಂಚಿನ ಮೇಲೆ ಬೇಯಿಸಿದ ರೊಟ್ಟಿಯನ್ನು ಒಲೆಯ ಬಾಯಿಗೆ, ಕೆಂಡದ ಝಳಕ್ಕೆ ಆನಿಸಿ ಸುಟ್ಟರೆ ಅದರ ರುಚಿಯೇ ಬೇರೆ. ಬಾಯಿ ಮುಚ್ಚಿದ ಒಲೆಗೆ ರೊಟ್ಟಿ ಎಲ್ಲಿ ಆನಿಸುತ್ತೀರಿ? ಇನ್ನು ಹೊಗೆಯ ವಿಷಯ. ಹೊಗೆ ಕಣ್ಣಿಗೆ, ಎದೆಗೆ ಕೆಟ್ಟದ್ದು, ಅದರಲ್ಲಿ ಅನುಮಾನ ಬೇಡ. ಎಷ್ಟು ಜನ ಅಜ್ಜಿಯಂದಿರ ಕೆಮ್ಮು ಅದರಿಂದಲೇ ಬಂದದ್ದು. ಆದರೆ ಒಲೆಯ ಮೇಲಿನ ಅಟ್ಟದಲ್ಲಿ ಬೀಜದ ಜೋಳದ ತೆನೆ, ಬೆಳ್ಳುಳ್ಳಿ ಗೊಂಚಲು ನೇತುಹಾಕಿರುತ್ತಾರೆ. ಹುಳ ಬೀಳದ ಹಾಗೆ ಕಾಯುವುದು ಆ ಹೊಗೆಯೇ. ಸೋಗೆ ಮಾಡಿಗೂ ಅದೇ ಕಾವಲು. ಹೊಗೆ ಹೊರಗೆ ಕಳಿಸಿದ ಮೇಲೆ ಬೀಜ ಎಲ್ಲಿಡಬೇಕು ಅನ್ನುವುದಕ್ಕೂ ಉತ್ತರ ಇಟ್ಟುಕೊಂಡಿರಬೇಕು.

ನಗುವುದಿಲ್ಲ ಅಂದರೆ ನನ್ನದೇ ಒಂದು ಹೇಳುತ್ತೇನೆ. ಫೈನಲ್ ಇಯರ್‌ನಲ್ಲಿ ನಾವು ನಾಲ್ಕು ಜನ ಸೇರಿ ಪೆಟ್ಟಿಗೆ ಥರದ ಸೋಲಾರ್ ಕುಕ್ಕರ್ ಮಾಡಿದ್ದೆವು. ಒಳಗೆ ಕಪ್ಪು ಬಣ್ಣ, ಮೇಲೆ ಎರಡು ಗಾಜು, ಮುಚ್ಚಳಕ್ಕೆ ಕನ್ನಡಿ. ಅದನ್ನು ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ಒಂದು ಊರಿಗೆ ಹೋಗಿ, ಶಾಲೆ ಮುಂದೆ ಇಟ್ಟು, ಅಕ್ಕಿ ಬೇಳೆ ಹಾಕಿ, ಊರವರನ್ನೆಲ್ಲ ಊಟಕ್ಕೆ ಕರೆದೆವು. ಹನ್ನೊಂದೂವರೆಗೆ ಮೋಡ ಬಂತು. ಒಂದು ಗಂಟೆಗೆ ಅಕ್ಕಿ ನೆನೆದಿತ್ತು, ಬೆಂದಿರಲಿಲ್ಲ. ಒಬ್ಬರು ಅಜ್ಜಿ ಮಾತಾಡದೆ ಪಾತ್ರೆ ಎತ್ತಿಕೊಂಡು ಹೋಗಿ ತಮ್ಮ ಒಲೆಯಲ್ಲಿ ಬೇಯಿಸಿ ತಂದರು. ಉಣ್ಣುವಾಗ ಕೇಳಿದರು, "ನಾವು ಉಣ್ಣೋದು ಹೊತ್ತು ಏರೋಕ್ ಮುಂಚೆ, ಹೊತ್ತು ಮುಳುಗಿದ್ ಮ್ಯಾಲೆ. ನಿಮ್ ಪೆಟ್ಟಿಗೆ ಬೇಯ್ಸೋದು ನಾವು ಹೊಲದಲ್ಲಿರೋವಾಗ. ಅದನ್ನ ಕಾಯೋರ್ಯಾರು?" ನಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಮಾರ್ಕ್ಸ್ ಮಾತ್ರ ಚೆನ್ನಾಗಿ ಬಂತು.

ಈಗ ಕೆಲಸ ಮಾಡಿದ ಕಡೆಗೆ ಹೋಗೋಣ. ಉಂಗ್ರದ ಹತ್ತಿರವೇ ಪುರ ಅನ್ನುವ ಸಣ್ಣ ಊರು. ಅಲ್ಲಿ ಅಸ್ತ್ರದವರು ಊರಿಗೆಲ್ಲ ಸೇರಿ ದೊಡ್ಡ ಗೋಬರ್ ಗ್ಯಾಸ್ ಕಟ್ಟಿದರು. ಮೊದಲು ಅಂದುಕೊಂಡದ್ದು ಮನೆಮನೆಗೆ ಅಡುಗೆ ಗ್ಯಾಸ್ ಕೊಡುವುದು. ಆದರೆ ಊರಿನ ದನಗಳ ಸಗಣಿಯೆಲ್ಲ ಹಾಕಿದರೂ ಎಲ್ಲರ ಎರಡು ಹೊತ್ತಿನ ಅಡುಗೆಗೆ ಗ್ಯಾಸ್ ಸಾಲಲಿಲ್ಲ. ಅರ್ಧ ಅಡುಗೆ ಗ್ಯಾಸಿನಲ್ಲಿ, ಅರ್ಧ ಸೌದೆಯಲ್ಲಿ ಅಂದರೆ ಸೌದೆಗೆ ಹೋಗುವುದು ತಪ್ಪಲಿಲ್ಲವಲ್ಲ. ಜನಕ್ಕೆ ಆಸಕ್ತಿ ಹೋಯಿತು. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ಆಮೇಲೆ ಊರವರನ್ನು ಕೇಳಿದರು, ನಿಮಗೆ ನಿಜವಾಗಿ ಏನು ಬೇಕು ಅಂತ. ನೀರು ಬೇಕು ಅಂದರು.

1987ರಿಂದ ಆ ಗ್ಯಾಸು ಒಂದು ಎಂಜಿನ್ ಓಡಿಸಿತು. ಸ್ವಲ್ಪ ಡೀಸೆಲ್, ಜಾಸ್ತಿ ಗ್ಯಾಸ್. ಎಂಜಿನ್‌ನಿಂದ ಕರೆಂಟು, ಕರೆಂಟಿನಿಂದ ಬೋರ್‌ವೆಲ್ ಪಂಪು, ಊರಲ್ಲಿ ನಲ್ಲಿ, ಸಂಜೆ ಮನೆಗಳಲ್ಲಿ ಟ್ಯೂಬ್‌ಲೈಟು. ಸಗಣಿ ತಂದು ಹಾಕಿದವರಿಗೆ ತೂಕ ಮಾಡಿ ಇಷ್ಟು ಪೈಸೆ ಅಂತ ಕಾಸು, ಜೊತೆಗೆ ಗ್ಯಾಸ್ ಬಿಟ್ಟ ಮೇಲಿನ ಗೊಬ್ಬರ ವಾಪಸ್. ದುಡ್ಡಿನ ಲೆಕ್ಕ ಇಟ್ಟವರು, ಎಂಜಿನ್ ನಡೆಸಿದವರು ಊರಿನವರೇ. ವರ್ಷಗಟ್ಟಲೆ ನಡೆದ ವ್ಯವಸ್ಥೆ ಅದು.

ಶಿರಸಿ ಕಡೆಯದು ಬೇರೆಯೇ ಬಗೆ. ಅಲ್ಲಿ ಊರಿಗೊಂದಲ್ಲ, ಮನೆಗೊಂದು ಗೋಬರ್ ಗ್ಯಾಸ್. ಸಿದ್ದಾಪುರ ರಸ್ತೆಯಿಂದ ಒಳಗೆ ಒಂದು ಅಡಿಕೆ ತೋಟದ ಮನೆಯಲ್ಲಿ ಎರಡು ದಿನ ಇದ್ದೆ. ಹೋದ ಕೂಡಲೇ ಆ ಮನೆಯ ಅಕ್ಕ, "ಆಸರಿಗೆ ಎಂತ ಮಾಡ್ಲಿ? ಕಷಾಯ ಆಗ್ತದಾ?" ಅಂದರು. ಕಷಾಯ ಮಾಡುವಾಗ ಬರ್ನರ್‌ನ ನೀಲಿ ಉರಿ ಕುಣಿಯತೊಡಗಿತು. ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನಾನು ರಿಪೇರಿಯವರ ನಂಬರ್ ಇದೆಯಾ ಅಂತ ಕೇಳಬೇಕು ಅನ್ನುವಷ್ಟರಲ್ಲಿ ಅವರು ಸೆರಗು ಸಿಕ್ಕಿಸಿಕೊಂಡು ಹಿಂಬಾಗಿಲಿಂದ ಹೊರಗೆ ಹೋದರು. ಪೈಪು ಗೋಬರ್ ಗ್ಯಾಸ್ ಗುಂಡಿಯಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಕಡೆ ತಗ್ಗಿನಲ್ಲಿ ಬಾಗಿತ್ತು. ಅಲ್ಲಿ ಒಂದು ಪುಟ್ಟ ನಲ್ಲಿ. ತಿರುಗಿಸಿದರು. ಅರ್ಧ ಚೊಂಬಿನಷ್ಟು ನೀರು ಸುರಿಯಿತು, ಆಮೇಲೆ ಬುಸ್ ಅಂತ ಗಾಳಿ. ನಲ್ಲಿ ಮುಚ್ಚಿ ಬಂದರು. ಉರಿ ನೆಟ್ಟಗಾಗಿತ್ತು. ಗ್ಯಾಸಿನ ಜೊತೆ ಬರುವ ಆವಿ ಪೈಪಿನಲ್ಲಿ ತಣಿದು ನೀರಾಗಿ ದಾರಿ ಕಟ್ಟುತ್ತದೆ. ಇದನ್ನು ನನಗೆ ಪುಸ್ತಕ ಕಲಿಸಿತ್ತು. ಆಕೆಗೆ ಕಲಿಸಿದ್ದು ಗುಂಡಿ ಕಟ್ಟಿದ ಮೇಸ್ತ್ರಿ. ಆ ಮೇಸ್ತ್ರಿ ಎರಡು ಊರಿನ ಆಚೆಯವನು. ಗ್ಯಾಸ್ ಬರದಿದ್ದರೆ ಪೇಟೆಯ ಸಂತೆಯಲ್ಲಿ ಸಿಕ್ಕಿ ಬೈಸಿಕೊಳ್ಳಬೇಕಾದವನು.

2001ರಲ್ಲಿ ಶಿರಸಿಯ ಕೆಲವು ಹಳ್ಳಿಗಳ ಬಗ್ಗೆ ಒಂದು ಅಧ್ಯಯನ ಬಂತು. ದೇಶದ ಬೇರೆ ಕಡೆ ಗೋಬರ್ ಗ್ಯಾಸ್ ಗುಂಡಿಗಳು ಪಾಳು ಬಿದ್ದಿದ್ದರೆ, ಇಲ್ಲಿ ನೋಡಿದವೆಲ್ಲ ಹೆಚ್ಚೂಕಮ್ಮಿ ನಡೆಯುತ್ತಿದ್ದವು. ಅವರು ಕಂಡುಕೊಂಡ ದೊಡ್ಡ ಕಾರಣ ಇದೇ. ಕಟ್ಟಿಕೊಡುವವರು ಸ್ಥಳೀಯರು, ಒಬ್ಬರಿಗೊಬ್ಬರು ಪೈಪೋಟಿ, ಗ್ಯಾರಂಟಿ ಕೊಡುತ್ತಿದ್ದರು, ಕೆಟ್ಟರೆ ಬಂದು ನೋಡುತ್ತಿದ್ದರು.

ಆ ತೋಟದ ಮನೆಯಲ್ಲಿ ಬೆಳಿಗ್ಗೆ ನಾನೂ ಸಗಣಿ ಕಲಸಿದೆ. ನೀವೂ ಒಂದು ದಿನ ಮಾಡಿ, ಗ್ಲೌಸ್ ಇಲ್ಲದೆ. 2 ಘನ ಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು. ಕೊಟ್ಟಿಗೆಯಲ್ಲಿ ಕಟ್ಟಿ ಹಾಕಿದ ನಾಲ್ಕೈದು ದನ ಬೇಕು. ಹುಲ್ಲು, ಕಲ್ಲು ಆರಿಸಿ ತೆಗೆಯಬೇಕು. ಹುಲ್ಲು ಒಳಗೆ ಹೋದರೆ ಮೇಲೆ ತೇಲಿ ಹೆಪ್ಪು ಕಟ್ಟುತ್ತದೆ. ಗಂಜಿಯ ಹದಕ್ಕೆ ಬಂದ ಮೇಲೆ ಕಲಸುವ ತೊಟ್ಟಿಯ ಬುಡದ ತೂತಿಗೆ ತುರುಕಿದ ಬಟ್ಟೆ ಎಳೆದರೆ ಗುಳುಗುಳು ಅಂತ ಒಳಗೆ ಇಳಿಯುತ್ತದೆ. ಆಚೆ ಬದಿಯಿಂದ ಅಷ್ಟೇ ಸ್ಲರಿ, ಅಂದರೆ ಗ್ಯಾಸ್ ಬಿಟ್ಟ ಸಗಣಿ ನೀರು, ಹೊರಗೆ. ವಾಸನೆ ಅಷ್ಟಾಗಿ ಇಲ್ಲ, ನೊಣವೂ ಕಡಿಮೆ. ಬರುವ ಗ್ಯಾಸು ಲೆಕ್ಕದ ಪ್ರಕಾರ ದಿನಕ್ಕೆ ಮುಕ್ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ ಸಿಲಿಂಡರ್ ಗ್ಯಾಸಿಗೆ ಸಮ.

ಸಿಲಿಂಡರ್ ಬಂದ ಮೇಲೂ ಇದು ಯಾಕೆ ಅಂತ ಆ ಮನೆಯ ಯಜಮಾನರನ್ನು ಕೇಳಿದೆ. "ಸಿಲಿಂಡರ್ ತೋಟಕ್ಕೆ ಗೊಬ್ಬರ ಕೊಡ್ತದಾ?" ಅಂದರು. ಅಲ್ಲಿ ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟ ಅಂತ, ಸೊಪ್ಪು ತರುವ ಕಾಡಿನ ಜಾಗ, ಇರುತ್ತದೆ. ಬೆಟ್ಟದ ದರಕು, ಅಂದರೆ ಉದುರಿದ ಒಣ ಎಲೆ, ತಂದು, ಅದರ ಮೇಲೆ ಸ್ಲರಿ ಬಿಟ್ಟು ಗೊಬ್ಬರ ಮಾಡುತ್ತಾರೆ. ಅವರ ಲೆಕ್ಕದಲ್ಲಿ ಆ ಗುಂಡಿ ತೋಟದ ಸಾಮಾನು. ಅಡುಗೆ ಆಗುವುದು ಮೇಲಿನ ಲಾಭ.

ಹಾಗಂತ ಶಿರಸಿಯನ್ನು ಎತ್ತಿ ಬೇರೆ ಕಡೆ ಇಟ್ಟರೆ ಕೂರುವುದಿಲ್ಲ. ಅಲ್ಲಿ ತೋಟ ಇದೆ, ನೀರಿದೆ, ಕೈಯಲ್ಲಿ ಒಂದಷ್ಟು ಕಾಸಿದೆ. ದನ ಇಲ್ಲದವರಿಗೆ ಗೋಬರ್ ಗ್ಯಾಸ್ ಇಲ್ಲ. ಮೊದಲೆಲ್ಲ ಬೀದಿಯಲ್ಲಿ ಬಿದ್ದ ಸಗಣಿಯನ್ನು ಯಾರು ಬೇಕಾದರೂ ಬಳಿದುಕೊಂಡು ಬೆರಣಿ ತಟ್ಟಬಹುದಿತ್ತು. ಸಗಣಿಗೆ ಬೆಲೆ ಬಂದ ದಿನ ಮೊದಲು ಕೈ ಖಾಲಿಯಾಗುವುದು ಜಮೀನಿಲ್ಲದ ಮನೆಯ ಹೆಂಗಸಿನದು. ಇದನ್ನು ನಮ್ಮ ರಿಪೋರ್ಟುಗಳು ಮರೆಯುತ್ತವೆ. ಮತ್ತೆ ಈಗ ಅಲ್ಲೂ ಕೊಟ್ಟಿಗೆ ಖಾಲಿಯಾಗುತ್ತಿದೆ. ಮಕ್ಕಳು ಬೆಂಗಳೂರಿನಲ್ಲಿ, ಇರುವುದು ಒಂದೇ ದನ. ಗುಂಡಿ ಅರ್ಧ ಹೊಟ್ಟೆಯಲ್ಲಿರುತ್ತದೆ.

ಸೋಲಾರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಅದರ ಬಗ್ಗೆ ನಿಮಗೇ ಜಾಸ್ತಿ ಗೊತ್ತು. ಸೋಲಾರ್ ದೀಪ ಮಾರುವ ಸೆಲ್ಕೊ ಕಂಪನಿ 1995ರಲ್ಲಿ ಶುರುವಾದಾಗ ಹಳ್ಳಿಯವರು ಸೋಲಾರ್ ಕೊಳ್ಳುವುದಿಲ್ಲ ಅನ್ನುವುದೇ ಎಲ್ಲರ ಮಾತು. ಅದನ್ನು ಕಟ್ಟಿದ ಹರೀಶ್ ಹಂದೆಯವರ ತಂಡ ದೀಪಕ್ಕೆ ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿತು. ಬೀದಿ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಭಾರ, ದಿನಕ್ಕೆ 10 ರೂಪಾಯಿ ಹಗುರ ಅನ್ನುವುದನ್ನು ಅವರು ಮಾತುಗಳಲ್ಲಿ ಹೇಳುತ್ತಿರುತ್ತಾರೆ. ಗಣಿತಕ್ಕೆ ಎರಡೂ ಒಂದೇ. ಜೇಬಿಗೆ ಬೇರೆ. ನೀವು ನೋಡಬೇಕಾದ್ದು ಮಾಡಿನ ಮೇಲಿನ ಪ್ಯಾನೆಲ್‌ಗಿಂತ ಮಂಚದ ಕೆಳಗಿನ ಬ್ಯಾಟರಿ. ಡಿಸ್ಟಿಲ್ಡ್ ವಾಟರ್ ಯಾವಾಗ ಹಾಕಿದ್ದು? ಬಾಟಲಿ ಎಲ್ಲಿದೆ? ಒಂದು ಮನೆಯಲ್ಲಿ ಅಡುಗೆಮನೆಗೂ ಕೊಟ್ಟಿಗೆಗೂ ನಡುವಿನ ಗೋಡೆಯ ದೀಪದ ಗೂಡನ್ನು ಆರುಪಾರು ಕೊರೆದು, ಒಂದೇ ಬಲ್ಬ್ ಅಲ್ಲಿಟ್ಟಿದ್ದರು. ಒಲೆಗೂ ಬೆಳಕು, ಹಾಲು ಕರೆಯಲೂ ಬೆಳಕು. ಯಾವ ಎಂಜಿನಿಯರೂ ಹೇಳಿಕೊಟ್ಟದ್ದಲ್ಲ.

ಹಾಗಾಗಿ ನಾಡಿದ್ದು ಹೋದಾಗ ಹನ್ನೊಂದು ಗಂಟೆಗೆ ಹೋಗಬೇಡಿ. ಆಗ ಯಾವ ಒಲೆಯೂ ಉರಿಯುತ್ತಿರುವುದಿಲ್ಲ. ಬೆಳಿಗ್ಗೆ ಆರಕ್ಕೆ ಹೋಗಿ, ಇಲ್ಲ ಸಂಜೆ ಏಳಕ್ಕೆ. ಎಷ್ಟೋ ಮನೆಗಳಲ್ಲಿ ಹೊರಗಿನವರನ್ನು ಅಡುಗೆಮನೆಗೆ ಬಿಡುವುದಿಲ್ಲ, ಅದಕ್ಕೆ ಮುಖ ಸಿಂಡರಿಸಬೇಡಿ. ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಅವರು ಮುಂದೆ ಹೋಗಲಿ. ಕೇಳದೆ ಫೋಟೊ ಬೇಡ. ಒಲೆ ಚೆನ್ನಾಗಿದೆಯಾ ಅಂತ ಕೇಳಿದರೆ ಚೆನ್ನಾಗಿದೆ ಸ್ವಾಮಿ ಅಂತಲೇ ಹೇಳುತ್ತಾರೆ. ಬಂದವರ ಮನಸ್ಸು ಯಾಕೆ ನೋಯಿಸಬೇಕು ಅಂತ. ಅದರ ಬದಲು ಕೆಟ್ಟಾಗ ಯಾರನ್ನು ಕರೆದಿರಿ ಅಂತ ಕೇಳಿ. ಒಂದು ಹೆಸರು ತಟ್ಟನೆ ಬಂದರೆ ಆ ಸಾಮಾನು ಬದುಕಿದೆ ಅಂತ ಅರ್ಥ. ಹೊಸದಾಗಿ ಮಿಂಚುವ ಒಲೆ ಕಂಡರೆ ಅನುಮಾನ ಪಡಿ. ಮೂರು ಸಲ ಮಣ್ಣು ಮೆತ್ತಿದ, ಅಂಚು ವಕ್ರವಾದ, ಬಾಯಲ್ಲಿ ಬಿಸಿ ಬೂದಿ ಇರುವ ಒಲೆ ಕಂಡರೆ ಅಲ್ಲಿ ಕೂತುಕೊಳ್ಳಿ.

ಇನ್ನೊಂದು. ಒಂದು ಮನೆಗೆ ಒಂದೇ ಒಲೆ ಅಂದುಕೊಳ್ಳಬೇಡಿ. 2016ರಲ್ಲಿ ಬಡ ಮನೆಗಳಿಗೆ ಗ್ಯಾಸ್ ಸಂಪರ್ಕ ಕೊಡುವ ಉಜ್ವಲಾ ಯೋಜನೆ ಬಂದ ಮೇಲೆ ಸಿಲಿಂಡರ್ ಇಲ್ಲದ ಮನೆ ಕಡಿಮೆ. ಬೆಳಗಿನ ಕಾಫಿಗೆ, ನೆಂಟರು ಬಂದಾಗ ಸಿಲಿಂಡರ್. ಮುದ್ದೆಗೆ ಸೌದೆ. ಬಚ್ಚಲ ಹಂಡೆಗೆ ತೆಂಗಿನ ಗರಿ. ಸಿಲಿಂಡರ್ ಖಾಲಿಯಾಗಿ ಕೈಯಲ್ಲಿ ದುಡ್ಡಿಲ್ಲದ ವಾರ ಎಲ್ಲಕ್ಕೂ ಸೌದೆ. ಯಾವುದಕ್ಕೆ ಯಾವುದು, ಯಾವ ತಿಂಗಳಲ್ಲಿ, ಅದನ್ನು ಬರೆದುಕೊಳ್ಳಿ. ಹಾಳೆಯಲ್ಲಿ ಜಾಗ ಇಲ್ಲದಿದ್ದರೆ ಹಿಂಬದಿಯಲ್ಲಿ.

ನನ್ನ ಮಾತು ಇಷ್ಟೇ. ಏನಾದರೂ ಕೇಳುವುದಿದ್ದರೆ ಕೇಳಿ.

(ಪ್ರಶ್ನೆಗಳು ಐದಾರು ಬಂದವು. ಸಬ್ಸಿಡಿ ಬಗ್ಗೆ, ಬಯೋಗ್ಯಾಸ್ ಬ್ಯಾಗುಗಳ ಬಗ್ಗೆ. ಕೊನೆಯದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಹಿಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು, "ಸರ್, ಆ ಕೋಳಿ ಏನಾಯ್ತು?" ಅಂತ ಕೇಳಿದಳು.)

ಒಳ್ಳೆ ಪ್ರಶ್ನೆ. ಎಂಟು ತಿಂಗಳಾದ ಮೇಲೆ ಆ ಊರಿಗೆ ಮತ್ತೆ ಹೋಗಿದ್ದೆ. ಹನ್ನೊಂದು ಮೊಟ್ಟೆ ಇಟ್ಟು ಕೂರಿಸಿದ್ದರಂತೆ, ಒಂಬತ್ತು ಮರಿ ಆದವಂತೆ. ಮರಿ ಹೊರಗೆ ಬಂದ ಮೇಲೆ ಆಕೆಯ ಮಗ ಹಾರೆ ತಗೊಂಡು ಒಲೆಯ ಬಾಯಿ ಅಗಲ ಮಾಡಿ, ಮೇಲಿನ ಮೂರು ತೂತು ಒಡೆದು ಒಂದು ಮಾಡಿ, ಅದರ ಮೇಲೆ ಸ್ನಾನದ ಹಂಡೆ ಕೂರಿಸಿದ್ದ. ಕೊಳವೆಯನ್ನು ಬಿದಿರಿಗೆ ಗೋಣಿತಾಟು ಕಟ್ಟಿ ಉಜ್ಜಿದ್ದ. ಇಡೀ ಬೊಡ್ಡೆ ಒಳಗೆ ಹೋಗುತ್ತಿತ್ತು, ನೀರು ಕಾಯುತ್ತಿತ್ತು, ಹೊಗೆಯೆಲ್ಲ ಹೊರಗೆ. ಆಕೆ ನನಗೂ ಒಂದು ಬಕೆಟ್ ಬಿಸಿನೀರು ಕೊಟ್ಟು, ಕೈಕಾಲು ತೊಳ್ಕೊಳಿ ಅಂದರು. ಆಮೇಲೆ ಹಾಳೆ ತೆಗೆದೆ. ಸುಧಾರಿತ ಒಲೆ, ಬಳಕೆಯಲ್ಲಿದೆಯೇ? ಎರಡು ಚೌಕ. ಪೆನ್ನು ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ಖಾಲಿ ಬಿಟ್ಟು ಬಂದೆ.